ಮೊಳೆ ಹೊಡೆಯದ ಮನೆ

ಸುಗುಣಾ, ಮೊದಲು ಓನರಮ್ಮನ ಮಾತು ಕಿವಿಗೆ ಹಾಕಿಕೋ:
ಗೋಡೆಗೆ ಮೊಳೆ ಹೊಡೆಯಬಾರದು.
ಹೊಡೆದರೆ, ಖಾಲಿ ಮಾಡುವ ದಿನ
ಬೆರಳಿಟ್ಟು ತೂತು ಎಣಿಸುತ್ತಾರೆ,
ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.
ಕಾಮಾಕ್ಷಿಪಾಳ್ಯದಲ್ಲಿ ನಾಲ್ಕು ತೂತಿಗೆ
ಎಂಟುನೂರು ತೆತ್ತವಳು ನಾನು.
ಅವತ್ತಿನಿಂದ ಸುತ್ತಿಗೆ ಅಡುಗೆಕಟ್ಟೆ ಸೇರಿತು.
ಈಗ ಶುಂಠಿ ಜಜ್ಜುತ್ತದೆ.

ಹತ್ತಕ್ಕೆ ಹನ್ನೆರಡರ ರೂಮು ಎಂದು ಹೆದರಬೇಡ.
ನೆಲ ಅಳೆಯುವುದು ಅವರ ಲೆಕ್ಕ,
ನೀನು ಗಾಳಿ ಅಳೆ.
ಬಾಗಿಲ ಹಿಂದೆ ಒಂದು ಮನೆಯಿದೆ,
ಮಂಚದ ಕೆಳಗೆ ಒಂದು,
ಸಜ್ಜೆಯ ಮೇಲೆ ಇನ್ನೊಂದು.
ಮೂರಕ್ಕೂ ಬಾಡಿಗೆಯಿಲ್ಲ.

ಹಳೇ ಸೀರೆಯನ್ನು ಪಾತ್ರೆಯವನಿಗೆ ಹಾಕಬೇಡ.
ಮೂರು ಸೀರೆಗೆ ಒಂದು ಸೌಟು ಕೊಡುತ್ತಾನೆ,
ಆಮೇಲೆ ಆ ಸೌಟಿಗೂ ಜಾಗ ಹುಡುಕಬೇಕು.
ಮಡಿಸಿ ಅಡ್ಡಡ್ಡ ಹೊಲಿದರೆ ಒಂಬತ್ತು ಜೇಬು.
ಬಾಗಿಲ ನೆತ್ತಿಯಿಂದ ಇಳಿಬಿಟ್ಟು
ತುದಿಯನ್ನು ಚಿಲಕಕ್ಕೆ ಕಟ್ಟು.
ಬಾಚಣಿಗೆ, ಗ್ಯಾಸಿನ ಪುಸ್ತಕ, ಕರೆಂಟ್ ಬಿಲ್ಲು,
ರೇಷನ್ ಕಾರ್ಡು, ಸೂಜಿ, ವಿಕ್ಸು, ಮೇಣದಬತ್ತಿ,
ಎಂಟನೆಯದರಲ್ಲಿ ನಿನಗೆ ತೋಚಿದ್ದು.
ಒಂಬತ್ತನೆಯದನ್ನು ಸುಮ್ಮನೆ ಬಿಡು,
ಯಾಕೆಂದು ಈಗಲೇ ಕೇಳಬೇಡ.

ಮದುವೆಮನೆಯ ತಾಂಬೂಲದ ಚೀಲ ನೋಡಿದೆಯಲ್ಲ,
ಕಿಟಕಿ ಸರಳಿಗೆ ಸಾಲಾಗಿ ತೂಗುಬಿಟ್ಟಿದ್ದೇನೆ.
ಆಲೂಗಡ್ಡೆಗೆ ಯಶೋದಾ ಮತ್ತು ಮುನಿಕೃಷ್ಣ,
ಬೆಳ್ಳುಳ್ಳಿಗೆ ನಮ್ಮ ಸಂಪಂಗಮ್ಮನ ಮೊಮ್ಮಗಳು.
ಈರುಳ್ಳಿ ತುಂಬಿದ ಜೋಡಿ
ಈಗ ಕೋರ್ಟಿಗೆ ಅಲೆಯುತ್ತಿದೆಯಂತೆ,
ಚೀಲ ಮಾತ್ರ ಒಂದು ಹೊಲಿಗೆಯೂ ಬಿಟ್ಟಿಲ್ಲ.

ಡಬ್ಬದ ಮೇಲಿನ ಬರಹ ನಂಬಿದವರು
ನಮ್ಮ ಮನೆಯಲ್ಲಿ ಉಪವಾಸ.
ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿಗಡಲೆ,
ಬಿಸ್ಕತ್ ಡಬ್ಬದಲ್ಲಿ ಗುಂಡಿ, ದಾರ,
ಐಸ್‌ಕ್ರೀಮ್ ಡಬ್ಬದಲ್ಲಿ ಒಣಮೆಣಸಿನಕಾಯಿ.
ಲಿಖಿತ ಓದಲು ಕಲಿತ ದಿನ
ಅತ್ತದ್ದು ಅದಕ್ಕೇ.

ಹಾಲಿನ ಕವರನ್ನು ತೊಳೆದು
ಬಚ್ಚಲ ಟೈಲ್ಸಿಗೆ ಅಂಟಿಸು.
ಒಣಗಿದಾಗ ಎಲೆಯಂತೆ ತಾನೇ ಉದುರುತ್ತದೆ.
ಕೂಡಿಟ್ಟರೆ ಗುಜರಿಯ ಬಾಬಾಜಾನ್ ಕೆ.ಜಿ. ಲೆಕ್ಕದಲ್ಲಿ
ಎಷ್ಟೋ ಒಂದಿಷ್ಟು ಕೊಡುತ್ತಾನೆ.
ಆ ದುಡ್ಡು ಯಾವ ಜೇಬಿಗೆ ಎಂದು
ಬಿಡಿಸಿ ಹೇಳಬೇಕೇನೇ?
ಇಪ್ಪತ್ತೆಂಟನೇ ತಾರೀಖಿಗೆ ತಾನೇ ಗೊತ್ತಾಗುತ್ತದೆ.

ಹೋದ ವರ್ಷ ಬಾಡಿಗೆ ಏರಿಸಿದರು, ಬಿಟ್ಟೆವು.
ಹಂಡೆಯೊಳಗೆ ದಬರಿ, ದಬರಿಯೊಳಗೆ ಕುಕ್ಕರು,
ಕುಕ್ಕರಿನೊಳಗೆ ಲೋಟ, ಲೋಟದಲ್ಲಿ ಚಮಚ,
ಗಾಜಿನ ಬಾಟಲಿಗೆ ಕಾಲುಚೀಲ ತೊಡಿಸಿ
ಅಕ್ಕಿಯ ನಡುವೆ ಹೂತಿಟ್ಟೆ.
ಟೆಂಪೋ ಹುಡುಗ ಇಣುಕಿ ನೋಡಿದ:
"ಇಷ್ಟೇನಾ ಅಕ್ಕಾ? ಎರಡು ಟ್ರಿಪ್ ಅಂದುಕೊಂಡಿದ್ದೆ."
ಒಂದೇ ಟ್ರಿಪ್ಪು!
ಮದುವೆಯಲ್ಲಿ ಓಲೆ ಇಟ್ಟಾಗಲೂ
ಅಷ್ಟು ಜಂಬ ಬಂದಿರಲಿಲ್ಲ ಕಣೇ.

ಓನರಮ್ಮ ಗೋಡೆಯನ್ನೆಲ್ಲ ಸವರಿ ನೋಡಿದರು.
ಒಂದೂ ತೂತಿಲ್ಲ.
ಆದರೂ ಪೇಂಟಿಗೆಂದು ಒಂದು ತಿಂಗಳ ಬಾಡಿಗೆ
ಎಣಿಸಿ ಎತ್ತಿಟ್ಟುಕೊಂಡರು.
ಎಲ್ಲ ಕಡೆ ಹೀಗೇ ಅಂತೆ.
ಏನು ಹೇಳಲಿ, ಚಾವಿ ಕೊಟ್ಟು ಬಂದೆ.

ಸುಂಕದಕಟ್ಟೆಯ ಈ ಮನೆಗೆ ಬಂದರೆ
ಕದದ ಪಕ್ಕ, ಎದೆಯೆತ್ತರಕ್ಕೆ,
ಮೊದಲಿದ್ದವರು ಬಿಟ್ಟುಹೋದ ಒಂದು ಮೊಳೆ!
ನನ್ನದಲ್ಲದ ತಪ್ಪು, ನನಗೆ ದಕ್ಕಿದ ಮೊಳೆ.
ಏನು ತೂಗುಹಾಕಲಿ?
ಕ್ಯಾಲೆಂಡರ್ ಎಂದುಕೊಂಡೆ, ಕನ್ನಡಿ ಎಂದುಕೊಂಡೆ,
ಅಮ್ಮನ ಫೋಟೋ ಟ್ರಂಕಿನಿಂದ ತೆಗೆದು
ಒರೆಸಿ, ಮತ್ತೆ ಒಳಗಿಟ್ಟೆ.
ಮೂರು ದಿನ ಅದರ ಮುಂದೆ ಹಾದಾಗಲೆಲ್ಲ
ಸಾಹುಕಾರಳ ಹಾಗೆ ನಿಧಾನಕ್ಕೆ ನಡೆದೆ.

ನಾಲ್ಕನೇ ದಿನ ನಿಮ್ಮಣ್ಣ
ಆಟೋ ನಿಲ್ಲಿಸಿ ಬಂದವರೇ
ಕೇಳಲಿಲ್ಲ, ನೋಡಲಿಲ್ಲ,
ಬೆವರಿದ ಖಾಕಿ ಅಂಗಿ ಸಿಕ್ಕಿಸಿ
ಚಹಾ ಎಂದರು.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಅಂಗಿಗೆ ಎರಡು ಜೇಬಿದೆ ನೋಡು:
ಒಂದರಲ್ಲಿ ಚಿಲ್ಲರೆ,
ಇನ್ನೊಂದರಲ್ಲಿ ಮನೆ ಚಾವಿ.